ಬೇಲಿ ಅಳಿಸಿದ ಫೋಟೊ

ಫೋಟೊ ತೆಗೆಯುವವರಿಗೆ ಸಂಜೆ ಐದೂವರೆ ದಾಟಿದ ಮೇಲಿನ ಬೆಳಕು ಬಲು ಇಷ್ಟ. ಬಂಡೆಗೆ ಬಂಗಾರದ ಬಣ್ಣ ಬರುತ್ತದೆ, ಮುಖದ ಸುಕ್ಕು ಮರೆಯಾಗುತ್ತದೆ, ಸೀರೆಯ ಜರಿ ತಾನಾಗಿ ಹೊಳೆಯುತ್ತದೆ. ನಮ್ಮ ಮೊಳಕಾಲ್ಮುರು ಸೀಮೆಯಲ್ಲಿ ಕರಡಿಗೂ ಅದೇ ಹೊತ್ತು ಇಷ್ಟ. ಹಗಲೆಲ್ಲ ಗವಿಯಲ್ಲೋ ಗುಂಡುಗಳ ಸಂದಿಯಲ್ಲೋ ಬಿದ್ದುಕೊಂಡಿದ್ದು ಬಿಸಿಲು ಇಳಿಯುತ್ತಲೇ ಗುಡ್ಡ ಬಿಟ್ಟು ಹೊಲದ ಕಡೆ ಬರುತ್ತದೆ. ಶೇಂಗಾ ಬಲಿತಿದ್ದರೆ ಶೇಂಗಾ, ಸೀತಾಫಲದ ಕಾಲವಾದರೆ ಸೀತಾಫಲ, ಏನೂ ಇಲ್ಲದಿದ್ದರೆ ಹುತ್ತ ಕೆದಕಿ ಗೆದ್ದಲು. ದೀಪದ ಎಣ್ಣೆ ನೆಕ್ಕಲು ಗುಡಿಗೆ ನುಗ್ಗಿದ ಕರಡಿಯ ಸುದ್ದಿ ಈ ಕಡೆ ಯಾರಿಗೂ ಹೊಸದಲ್ಲ. ಹಾಗಾಗಿ ಬಂಡೆಗಳ ನಡುವೆ ಟೆಂಟ್ ಹಾಕಿದ ಯಾವುದೇ ಹೋಟೆಲಿನ ಜಾಹೀರಾತು ಕಂಡರೆ ನಾನು ಮೊದಲು ನೋಡುವುದು ನೆರಳು ಎಷ್ಟು ಉದ್ದ ಬಿದ್ದಿದೆ ಎಂದು. ನೆರಳಿನ ಉದ್ದದಿಂದ ಗಂಟೆ ಗೊತ್ತಾಗುತ್ತದೆ. ಗಂಟೆ ಗೊತ್ತಾದರೆ ಚೌಕಟ್ಟಿನ ಹೊರಗೆ ಯಾರು ಓಡಾಡುತ್ತಿರಬಹುದು ಎಂಬುದೂ ಗೊತ್ತಾಗುತ್ತದೆ.

ನನ್ನದು ಮೊಳಕಾಲ್ಮುರಿನಲ್ಲಿ ಒಂದು ಸಣ್ಣ ಸ್ಟುಡಿಯೊ. ಮದುವೆ, ಸೀಮಂತ, ಶಾಲೆ ಮಕ್ಕಳ ಪಾಸ್‌ಪೋರ್ಟ್ ಸೈಜು, ನೇಕಾರರ ರೇಷ್ಮೆ ಸೀರೆಗಳ ಕ್ಯಾಟಲಾಗು. ಈಚಿನ ವರ್ಷಗಳಲ್ಲಿ ಹೊಸಪೇಟೆ, ಹಂಪಿ, ಗಂಗಾವತಿ ಕಡೆಯ ಹೋಮ್‌ಸ್ಟೇ, ಟೆಂಟ್ ಕ್ಯಾಂಪುಗಳ ಕೆಲಸವೂ ಸಿಗುತ್ತಿದೆ. ಅಂಥ ಒಂದು ಕಡೆ, ಹೆಸರು ಬೇಡ, ಮ್ಯಾನೇಜರ್ ಹುಡುಗ ಟೆಂಟಿನ ಹಿಂದಿನ ಗುಂಡಿನ ಮೇಲೆ ಐದಾರು ವರ್ಷದ ಮಗುವನ್ನು ಒಂಟಿಯಾಗಿ ಕೂರಿಸಿ ತೆಗೆಯಿರಿ ಎಂದ. ತಾಯಿಯನ್ನೂ ಪಕ್ಕದಲ್ಲಿ ಕೂರಿಸಿ ತೆಗೆದುಕೊಟ್ಟೆ. ಎಡಿಟಿಂಗ್‌ಗೆ ಕುಳಿತಾಗ ಇನ್ನೊಂದು ಬೇಡಿಕೆ ಬಂತು. ಟೆಂಟುಗಳ ಸುತ್ತ ಎಳೆದಿದ್ದ ಸೋಲಾರ್ ತಂತಿ ಬೇಲಿಯನ್ನು ಅಳಿಸಬೇಕಂತೆ.

“ಯಾಕಪ್ಪ, ಬೇಲಿ ಹಾಕಿಸಿದ್ದು ಒಳ್ಳೆ ಕೆಲಸ ಅಲ್ವಾ?”

“ಬೇಲಿ ಕಂಡ್ರೆ ಗೆಸ್ಟ್ ಹೆದರ್ತಾರೆ ಅಣ್ಣ. ಏನಿದೆ ಅಲ್ಲಿ ಅಂತ ಫೋನ್ ಮಾಡಿ ಕೇಳ್ತಾರೆ.”

“ಕೇಳಿದ್ರೆ ಹೇಳಿ.”

ಅವನು ನಕ್ಕ. ನಾನು ಅಳಿಸಲಿಲ್ಲ. ಬೇರೆ ಯಾರೋ ಅಳಿಸಿಕೊಟ್ಟರು. ಅದೇ ಚಿತ್ರ, ಬೇಲಿಯಿಲ್ಲದೆ, ಆಮೇಲೆ ನನ್ನ ಮೊಬೈಲಿಗೇ ಜಾಹೀರಾತಾಗಿ ಬಂತು. ಅದಕ್ಕೀಗ ಸ್ಟುಡಿಯೊನೂ ಬೇಡ, ಫೋನಿನ ಮೇಲೆ ಬೆರಳು ಸವರಿದರೆ ಬೇಲಿ ಮಾಯ.

ಆ ಹುಡುಗ ಕೆಟ್ಟವನಲ್ಲ. ಆದರೆ ಅವನು ಅಳಿಸಲು ಹೇಳಿದ್ದು ತಂತಿಯ ಜೊತೆಗೆ ಒಂದು ಪ್ರಶ್ನೆಯನ್ನೂ. ಅತಿಥಿ ಬೆಂಗಳೂರಿನ ಮನೆಯಲ್ಲಿ ಕುಳಿತು, ದುಡ್ಡು ಕಟ್ಟುವ ಮುಂಚೆ ಕೇಳಬಹುದಾಗಿದ್ದ ಪ್ರಶ್ನೆ ಅದು. ಹೋಟೆಲಿನವರು ಎಚ್ಚರಿಕೆ ಫಲಕ ಹಾಕಿದ್ದೇವೆ ಎನ್ನುತ್ತಾರೆ. ಫಲಕವನ್ನು ಅತಿಥಿ ನೋಡುವುದು ಕಾರಿನಿಂದ ಇಳಿದ ಮೇಲೆ, ಕತ್ತಲಲ್ಲಿ, ಬ್ಯಾಗು ಹೊತ್ತುಕೊಂಡು. ಅಷ್ಟರಲ್ಲಿ ಫೋಟೊ ಅವನ ತಲೆಯೊಳಗೆ ತಿಂಗಳಿನಿಂದ ಕುಳಿತಿರುತ್ತದೆ. ಫೋಟೊದಲ್ಲಿ ಮಗು ಬಂಡೆ ಹತ್ತಿತ್ತು, ನಮ್ಮ ಮಗುವೂ ಹತ್ತಲಿ. ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ, ಹೀಗೆ ಕೂತರೆ ಅಪಾಯವಿಲ್ಲ ಎಂದು ಹೋಟೆಲಿನವರೇ ಮಾತು ಕೊಟ್ಟಂತಾಯಿತಲ್ಲ. ಆ ಮಾತಿಗೆ ಅವರನ್ನು ಹೊಣೆ ಮಾಡಬೇಕು ಎನ್ನುವುದಷ್ಟೇ ನನ್ನ ವಾದ.

ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿಯವರ ಗ್ರ್ಯಾಂಡ್ ಫ್ಲೋರಿಡಿಯನ್ ಎಂಬ ಐಷಾರಾಮಿ ಹೋಟೆಲಿದೆ. 2016ರ ಜೂನ್ 14ರ ರಾತ್ರಿ ಅಲ್ಲಿನ ಕೃತಕ ಕೆರೆಯ ಅಂಚಿನಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿದ್ದ ಎರಡು ವರ್ಷದ ಮಗುವನ್ನು ಅಲಿಗೇಟರ್ ಮೊಸಳೆ ಎಳೆದುಕೊಂಡು ಹೋಯಿತು. ತಂದೆ ನೀರಿಗಿಳಿದು ಗುದ್ದಾಡಿದರೂ ಬಿಡಿಸಿಕೊಳ್ಳಲಾಗಲಿಲ್ಲ. ‘ಈಜಬಾರದು’ ಎಂಬ ಫಲಕ ಅಲ್ಲಿತ್ತು. ಮೊಸಳೆ ಇದೆ ಎಂಬ ಫಲಕ ಇರಲಿಲ್ಲ. ದಡಕ್ಕೆ ಬಿಳಿ ಮರಳು ಸುರಿದು, ಕುರ್ಚಿ ಹಾಕಿ, ಸಂಜೆ ಹೊತ್ತು ಬಯಲಲ್ಲೇ ಮಕ್ಕಳಿಗೆ ಸಿನಿಮಾ ತೋರಿಸುತ್ತಿದ್ದರು. ಫ್ಲೋರಿಡಾದಲ್ಲಿ ಲಕ್ಷಗಟ್ಟಲೆ ಅಲಿಗೇಟರುಗಳಿವೆ, ಅಲ್ಲಿನವರು ಕೆರೆ ಕಂಡರೆ ಹಿಂದೆ ಸರಿಯುತ್ತಾರೆ. ಆ ಕುಟುಂಬ ಬಂದದ್ದು ದೂರದ ನೆಬ್ರಾಸ್ಕಾದಿಂದ. ಮರಳು ಸುರಿದು ಕುರ್ಚಿ ಹಾಕಿದ ದಡ ನೋಡಿದ ಹೊರಗಿನವರು ಏನೆಂದುಕೊಳ್ಳಬೇಕು? ಘಟನೆಯಾದ ಕೆಲವೇ ದಿನಗಳಲ್ಲಿ ಮೊಸಳೆ, ಹಾವಿನ ಚಿತ್ರವಿರುವ ಫಲಕಗಳೂ ತಡೆಬೇಲಿಯೂ ಬಂದವು, ಆಮೇಲೆ ಕಲ್ಲಿನ ಗೋಡೆಯೂ ಎದ್ದಿತು. ಬೇಲಿ ಹಾಕುವುದು ಅಷ್ಟು ಸುಲಭದ ಕೆಲಸವಾಗಿತ್ತು.

ನಮ್ಮ ಹತ್ತಿರದ ಉದಾಹರಣೆ ಬೇಕಾದರೆ 2021ರ ಜನವರಿಯ ಒಂದು ವಾರ ಸಾಕು. 19ನೇ ತಾರೀಖು ನೀಲಗಿರಿಯ ಮಸಿನಗುಡಿಯಲ್ಲಿ ಕಿವಿ ಸುಟ್ಟುಕೊಂಡ ಒಂದು ಕಾಡಾನೆ ಸತ್ತಿತು. ಆನೆ ಹತ್ತಿರ ಬಂತೆಂದು ತಂಗುದಾಣವೊಂದರವರು ಉರಿಯುವ ಟೈರನ್ನು ಅದರ ಮೇಲೆಸೆದಿದ್ದರು. ಆ ವಿಡಿಯೊವನ್ನು ದೇಶವೇ ನೋಡಿತು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಸುಪ್ರೀಂ ಕೋರ್ಟು ಅದೇ ಸೀಗೂರು ಆನೆ ಪಥದ ರೆಸಾರ್ಟುಗಳು ತೆರವಾಗಬೇಕೆಂದು ತೀರ್ಪು ಕೊಟ್ಟಿತ್ತು. ನಾಲ್ಕು ದಿನ ಕಳೆದು, 23ರ ರಾತ್ರಿ, ಗಡಿಯಾಚೆಯ ವಯನಾಡಿನ ಮೇಪ್ಪಾಡಿಯಲ್ಲಿ ಕಾಡಿನಂಚಿನ ಟೆಂಟ್ ಕ್ಯಾಂಪಿಗೆ ಬಂದಿದ್ದ ಯುವ ಶಿಕ್ಷಕಿಯೊಬ್ಬರನ್ನು ಆನೆ ತುಳಿದು ಕೊಂದಿತು. ಟೆಂಟ್ ಹಾಕಲು ಬೇಕಾದ ಅನುಮತಿಯೇ ಇರಲಿಲ್ಲ ಎಂದು ಅಧಿಕಾರಿಗಳು ಆಮೇಲೆ ಹೇಳಿದರು, ಜಿಲ್ಲಾಡಳಿತ ಆ ಜಾಗ ಮುಚ್ಚಿಸಿತು. ಒಂದು ಕಡೆ ಆನೆ ಸತ್ತಿತು, ಇನ್ನೊಂದು ಕಡೆ ಮನುಷ್ಯಜೀವ ಹೋಯಿತು. ಎರಡೂ ಕಡೆ ಮಾರಾಟಕ್ಕಿಟ್ಟಿದ್ದ ಸರಕು ಒಂದೇ, ‘ಕಾಡಿಗೆ ತಾಗಿಕೊಂಡೇ ಮಲಗಿ’ ಎಂಬುದು.

ಈ ತಾಗಿಕೊಳ್ಳುವುದರಲ್ಲಿ ನಮ್ಮ ಕಸುಬಿನ ಕೈವಾಡವೂ ಇದೆ, ಅದನ್ನು ಹೊರಗಿನವರು ಗಮನಿಸುವುದಿಲ್ಲ. ದೂರ ನಿಂತು 200 ಎಂಎಂ ಲೆನ್ಸಿನಲ್ಲಿ ತೆಗೆದರೆ ಅರ್ಧ ಕಿಲೊಮೀಟರ್ ಆಚೆಯ ಗುಡ್ಡ ಟೆಂಟಿನ ಬೆನ್ನಿಗೇ ಬಂದು ನಿಲ್ಲುತ್ತದೆ. ಚಿತ್ರ ಸೊಗಸು. ಅದನ್ನು ನೋಡಿ ಪಕ್ಕದ ಜಮೀನಿನವನಿಗೆ ಆಸೆ ಹುಟ್ಟುತ್ತದೆ. ಅವನ ಹತ್ತಿರ ಲೆನ್ಸಿಲ್ಲ; ಅವನು ಟೆಂಟನ್ನೇ ಒಯ್ದು ಗುಡ್ಡದ ಬುಡದಲ್ಲಿ ಹೂಡುತ್ತಾನೆ. ಮೊದಲು ಫೋಟೊ, ಆಮೇಲೆ ಅದಕ್ಕೆ ತಕ್ಕ ಹೋಟೆಲು. ಹೀಗೆ ಒಂದೊಂದೇ ಗದ್ದೆ, ಹೊಲ ದಾಟಿ ಹಾಸಿಗೆ ಗವಿಯ ಬಾಯಿಗೆ ಹೋಗುವುದನ್ನು ತುಂಗಭದ್ರೆಯ ಆಚೀಚೆ ನಾನೇ ಕಂಡಿದ್ದೇನೆ. 2020ರ ನವೆಂಬರಿನಲ್ಲಿ ಆನೆಗೊಂದಿಯ ದುರ್ಗಾದೇವಿ ಗುಡಿಯಲ್ಲಿ ಅಡುಗೆ ಮಾಡುತ್ತಿದ್ದ ಯುವಕನನ್ನು ಚಿರತೆ ಕೊಂದದ್ದು ಇದೇ ಬಂಡೆಗಳ ನಡುವೆ.

ಇನ್ನು ಕರಡಿ. ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮ 1994ರದು, ನಮಗೆ ಇನ್ನೂ ಹತ್ತಿರದ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯದು 2013ರದು. ದರೋಜಿಯಲ್ಲಿ ಮಧ್ಯಾಹ್ನದ ಹೊತ್ತು ಅರಣ್ಯ ಸಿಬ್ಬಂದಿ ಕರಡಿಕಲ್ಲಿನ ಬಂಡೆಗಳಿಗೆ ಬೆಲ್ಲ, ಜೇನಿನ ಪಾಕ ಸವರಿ ಬರುತ್ತಾರೆ. ಕರಡಿಗಳು ಮರಿಗಳೊಂದಿಗೆ ಇಳಿದು ನೆಕ್ಕುತ್ತವೆ. ಜನ ದೂರದ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ಆ ವ್ಯವಸ್ಥೆಯಲ್ಲಿ ಒಂದು ಶಿಸ್ತಿದೆ: ಗೋಪುರ, ದೂರ, ಗೇಟು ಮುಚ್ಚುವ ಗಂಟೆ. ಆದರೆ ಹೋಟೆಲಿನ ಗೋಡೆಗೆ ಏರುವ ಫೋಟೊದಲ್ಲಿ ಗೋಪುರವೂ ಇಲ್ಲ, ದೂರವೂ ಇಲ್ಲ. ಬೆನ್ನ ಮೇಲೆ ಮರಿ ಹೊತ್ತ ತಾಯಿ, ಬೆಲ್ಲ ಮೆತ್ತಿದ ಮೂತಿ. ಮಕ್ಕಳು ಅದನ್ನು ಗೊಂಬೆ ಎಂದುಕೊಳ್ಳುತ್ತವೆ. ಮರಿ ಹೊತ್ತ ಕರಡಿಗಿಂತ ಅಪಾಯದ ಪ್ರಾಣಿ ಈ ಗುಡ್ಡಗಳಲ್ಲಿ ಇಲ್ಲ ಎಂದು ನಮ್ಮ ಹಳ್ಳಿಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರಲ್ಲಿ ಮುಖ ಹರಿದ ಹಿರಿಯರೊಬ್ಬರಾದರೂ ಇರುತ್ತಾರೆ.

ಕರಡಿ ಬೇಟೆಯಾಡಲು ಮನುಷ್ಯನ ಮೇಲೆ ಬರುವುದಿಲ್ಲ. ಗೆದ್ದಲು ಹೀರುತ್ತಾ ಮೈಮರೆತಿರುತ್ತದೆ, ಅದರ ಕಣ್ಣೂ ಮಂದ. ನೀವು ಹತ್ತು ಹೆಜ್ಜೆಯಲ್ಲಿ ಬಂದು ನಿಂತಾಗ ಬೆಚ್ಚಿ ಎದ್ದು ಮುಖಕ್ಕೆ ಕೈ ಹಾಕುತ್ತದೆ. ಅಶೋಕ ಸಿದ್ದಾಪುರದ ಕಡೆ ಕುರಿ ಕಾಯುವ ತಾತ ಒಬ್ಬರು ನನಗೆ ಹೇಳಿದ್ದು ಇಷ್ಟೇ: “ಸದ್ದು ಮಾಡ್ಕೆಂತ ಹೋಗಪ್ಪ. ನೀನು ಬರೋದು ಅದ್ಕೆ ಮೊದ್ಲೇ ಗೊತ್ತಾಗ್ಬೇಕು.” ಅವರು ದೊಣ್ಣೆ ಕುಟ್ಟುತ್ತಾ, ಕೆಮ್ಮುತ್ತಾ, ಸುಮ್ಮನೆ ಕುರಿಗೆ ಬೈಯುತ್ತಾ ನಡೆಯುತ್ತಾರೆ. ಹೋಟೆಲಿನವರು ಮಾರುವುದು ಇದಕ್ಕೆ ತಿರುಗುಮುರುಗಾದದ್ದನ್ನು. ನಿಶ್ಶಬ್ದ, ಏಕಾಂತ, ಬರಿಗಾಲಲ್ಲಿ ಮುಂಜಾನೆಯ ವಾಕಿಂಗು. ಒಬ್ಬಳೇ ಹುಡುಗಿ ಕಾಫಿ ಲೋಟ ಹಿಡಿದು ಮಂಜಿನಲ್ಲಿ ಬಂಡೆಯ ಕಡೆ ನಡೆಯುವ ಚಿತ್ರ ಎಷ್ಟು ಹೋಟೆಲುಗಳಲ್ಲಿದೆ ಎಂದು ನೀವೇ ನೋಡಿ.

ನಮ್ಮ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ರೆಸಾರ್ಟ್ ಸಂಸ್ಕೃತಿ ಇಲ್ಲ, ಪುಣ್ಯ. ರಾವಣನೊಡನೆ ಕಾದಾಡಿ ಜಟಾಯು ಬಿದ್ದ ಜಾಗವೆಂಬ ನಂಬಿಕೆ, ಮೇಲೆ ರಾಮೇಶ್ವರನ ಗುಡಿ, ಗುಡಿಯ ಹತ್ತಿರ ಅಶೋಕನ ಶಾಸನ. ಬ್ರಹ್ಮಗಿರಿ, ಸಿದ್ದಾಪುರ, ಇಲ್ಲಿಯದು, ಹೀಗೆ ಮೂರು ಶಾಸನಗಳನ್ನೂ ಹೊರಗಿನ ಲೋಕಕ್ಕೆ ತಿಳಿಸಿದವರು ಬಿ.ಎಲ್. ರೈಸ್, 1892ರ ಸುಮಾರಿಗೆ. ಇಲ್ಲಿಯ ಬಂಡೆಗೆ ಬಳೆಗಾರರ ಗುಂಡು ಎಂದೇ ಹೆಸರು. ಜಾತ್ರೆಯಲ್ಲಿ ಬಳೆ ಅಂಗಡಿ ಹೂಡಿ ಹೂಡಿ ಅಕ್ಷರ ಬಹುಪಾಲು ಸವೆದಿದೆ. ಚಪಡನೆಂಬ ಲಿಪಿಕಾರ ಬರೆದ ಆ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಿ ಎಂಬುದರ ಜೊತೆ ಪ್ರಾಣಿಗಳ ವಿಷಯದಲ್ಲಿ ದೃಢವಾಗಿರಿ, ಸತ್ಯ ಹೇಳಿ ಎಂಬುದೂ ಇದೆ. ಹೋಟೆಲ್ ಜಾಹೀರಾತಿನವರಿಗೆ ಇದಕ್ಕಿಂತ ಚಿಕ್ಕ ಮಾರ್ಗಸೂಚಿ ಬರೆದುಕೊಡಲು ಯಾವ ಇಲಾಖೆಗೂ ಆಗದು. ರೀಲ್ಸ್ ಮಾಡುವ ಹುಡುಗರು ಮಾತ್ರ ಈಗಾಗಲೇ ಸೂರ್ಯಾಸ್ತಕ್ಕೆಂದು ಬೆಟ್ಟ ಹತ್ತಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಇಳಿಯುತ್ತಿದ್ದಾರೆ. ಅವರ ವಿಡಿಯೊಗಳನ್ನು ಯಾವನೋ ಟೂರ್ ನಡೆಸುವವನು ನೋಡಿ ‘ಅಶೋಕನ ಬೆಟ್ಟದಡಿ ಒಂದು ರಾತ್ರಿ’ ಎಂದು ಪ್ಯಾಕೇಜು ಕಟ್ಟಲು ಎಷ್ಟು ದಿನ ಬೇಕು?

ಹೋಟೆಲಿನವರ ಕಡೆಯ ಮಾತೂ ಇದೆ. ಹುಲಿ ದಾಳಿಗೆ ಸರಗೂರು ಭಾಗದ ರೈತರು ಒಬ್ಬರ ಹಿಂದೊಬ್ಬರು ಬಲಿಯಾದ ಮೇಲೆ 2025ರ ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿದರು. ಆಗ ಜೀಪು ಓಡಿಸುವವರು, ಕೋಣೆ ಗುಡಿಸುವವರು, ಅಡುಗೆಯವರು ಕೆಲಸದ ಚಿಂತೆಗೆ ಬಿದ್ದರು. ಅವರೆಲ್ಲ ಅದೇ ಹಳ್ಳಿಗಳವರು. ಹೆದರಿಸುವ ಫೋಟೊ ಹಾಕಿದರೆ ಯಾರು ಬರುತ್ತಾರೆ ಎಂಬ ಅಳುಕು ನನಗೂ ಅರ್ಥವಾಗುತ್ತದೆ. ನನ್ನ ಸ್ಟುಡಿಯೊದ ಬಾಡಿಗೆಯೂ ಆ ಹಣದಿಂದಲೇ ಹೋಗುತ್ತದೆ. ಆದರೆ ಮೇಪ್ಪಾಡಿಯಂಥ ಒಂದು ರಾತ್ರಿ ಸಾಕು, ಸುತ್ತಲ ಪ್ರಾಮಾಣಿಕರ ಬಾಗಿಲೂ ಮುಚ್ಚುತ್ತದೆ.

ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಬೆಳ್ಳಗಾಗಿಸುವ ಕ್ರೀಮಿನ ಜಾಹೀರಾತಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ನಾವು ಅಳಿಸಿದ ಬೇಲಿಯ ಬಗ್ಗೆ ಯಾಕೆ ಸುಮ್ಮನಿದ್ದೇವೆ? ಹೋಮ್‌ಸ್ಟೇ ನೋಂದಣಿಗೆ ಬಂದವರಿಂದ ಪ್ರವಾಸೋದ್ಯಮ ಇಲಾಖೆ ನೂರೆಂಟು ಕಾಗದ ಕೇಳುತ್ತದೆ. ಅದರ ಜೊತೆಗೆ ಜಾಹೀರಾತಿನ ಚಿತ್ರಗಳನ್ನೂ ಕೇಳಲಿ, ಅವನ್ನು ಒಬ್ಬ ಫಾರೆಸ್ಟ್ ಗಾರ್ಡಿಗೆ ತೋರಿಸಲಿ. ಈ ಮಗು ಕೂತ ಬಂಡೆ ಯಾವುದು, ಇದು ಎಷ್ಟು ಹೊತ್ತಿನ ಬೆಳಕು, ಆ ಹೊತ್ತಿನಲ್ಲಿ ಅಲ್ಲಿ ಕೂರಬಹುದೇ ಎಂದು ಅವನು ಐದು ನಿಮಿಷದಲ್ಲಿ ಹೇಳಿಬಿಡುತ್ತಾನೆ. ಕೂರಬಾರದು ಎಂದಾದರೆ ಆ ಚಿತ್ರ ಇಳಿಯಬೇಕು. ಯಾರಾದರೂ ಸತ್ತ ಮೇಲೂ ಅದೇ ಚಿತ್ರ ಬುಕಿಂಗ್ ಆ್ಯಪುಗಳಲ್ಲಿ ನಗುತ್ತಾ ಕುಳಿತಿರುವುದನ್ನು ನಾವು ಒಪ್ಪಬಾರದು.

ನಮ್ಮ ಬೆಟ್ಟದ ವಿಷಯಕ್ಕೆ ಬಂದರೆ, ಶ್ರಾವಣ ಸೋಮವಾರದ ಜನ ಸೇರುವ ಮುಂಚೆ ಮೆಟ್ಟಿಲು ಶುರುವಾಗುವಲ್ಲಿ ದೊಡ್ಡದೊಂದು ಫಲಕ ಆಗಬೇಕು, ಎಷ್ಟು ಗಂಟೆಗೆ ಇಳಿದು ಮುಗಿಸಬೇಕೆಂದು ಕನ್ನಡದಲ್ಲಿ, ತೆಲುಗಿನಲ್ಲಿ ಬರೆದದ್ದು; ರಾಯದುರ್ಗದ ಕಡೆಯವರೂ ಬರುತ್ತಾರಲ್ಲ. ಅದಕ್ಕೆ ಕರಡಿಯ ಫೋಟೊ ಬೇಕಿದ್ದರೆ ನಾನೇ ಕೊಡುತ್ತೇನೆ, ದುಡ್ಡು ಬೇಡ. ಬೆಲ್ಲ ನೆಕ್ಕುತ್ತಿರುವುದು ಕೇಳಬೇಡಿ, ಎರಡು ಕಾಲ ಮೇಲೆ ಎದ್ದು ನಿಂತದ್ದು ಇದೆ.