ಮನೆಯೊಳಗಿನ ಕಾಯಕಕ್ಕೂ ಲೆಕ್ಕ ಬೇಕು

ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿಸಿ ಹೊರಟು ನಿಂತಾಗ, ಪರಿಚಿತ ಮನೆತನದ ಸೊಸೆಯೊಬ್ಬಳು ಒಂದು ನೋಟುಪುಸ್ತಕವನ್ನು ನಮ್ಮ ಮುಂದಿಟ್ಟಳು. ಆಕೆ ಪದವೀಧರೆ, ಎರಡು ಎಳೆಯ ಮಕ್ಕಳ ತಾಯಿ. ಹಾಸಿಗೆ ಹಿಡಿದ ಅತ್ತೆಯ ಸೇವೆಯೂ ಆಕೆಯದೇ. ಹೊರಗೆ ಹೋಗಿ ದುಡಿಯುವ ಅನುಕೂಲವಿಲ್ಲ. ಗಂಡನೊಬ್ಬನ ಸಂಬಳದಲ್ಲಿ ಸಂಸಾರ ಸಾಗದು. ಆದಕಾರಣ ಮೂರು ವರ್ಷಗಳಲ್ಲಿ ಮೂರು ಉದ್ಯೋಗಗಳನ್ನು ಮನೆಯಲ್ಲಿಯೇ ಮಾಡಿ ನೋಡಿದ್ದಳು. “ಗುರುಗಳೆ, ದುಡಿಯೂದು ತಪ್ಪಿಲ್ರಿ, ಆದ್ರ ಕೈಯಾಗ ರೊಕ್ಕ ಉಳಿಯಂಗಿಲ್ರಿ. ನಂದೇನು ತಪ್ಪು?” ಎಂದು ಕೇಳಿದಳು. ಈ ಪ್ರಶ್ನೆ ಅನೇಕ ಮನೆಗಳದ್ದಾಗಿರುವುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸುತ್ತೇವೆ.

ಮೊದಲನೆಯದು ಸೀರೆ ವ್ಯಾಪಾರ. ಪೇಟೆಯಿಂದ ಸೀರೆ ತಂದು ಓಣಿಯವರಿಗೆ ಕಂತಿನ ಮೇಲೆ ಕೊಟ್ಟಳು. ಗಿರಾಕಿಗಳೆಲ್ಲ ಬಂಧು ಬಳಗದವರೇ. ಬಾಕಿ ಕೇಳಲು ಸಂಕೋಚ. ಮೂಲಧನವೆಲ್ಲ ಉದ್ರಿಯಲ್ಲಿ ಕರಗಿತು. ಎರಡನೆಯದು ಮೊಬೈಲಿನಲ್ಲಿ ಬಂದ ಆಮಿಷ. ಮನೆಯಲ್ಲಿ ಕುಳಿತು ಬೆರಳಚ್ಚು ಮಾಡಿದರೆ ತಿಂಗಳಿಗಿಷ್ಟು ಸಂಬಳವೆಂದು ಹೇಳಿ, ಮೊದಲು ಠೇವಣಿ ಕಟ್ಟಿಸಿಕೊಂಡರು. ಮಾಡಿ ಕಳಿಸಿದ ಕೆಲಸದಲ್ಲಿ ತಪ್ಪು ತೆಗೆದು ದಂಡ ಕೇಳಿದರು; ಕೊಡದಿದ್ದರೆ ಕೋರ್ಟಿನ ನೋಟಿಸು ಬರುವುದೆಂದು ಬೆದರಿಸಿದರು. ಆಕೆ ಅದನ್ನು ಯಾರಿಗೂ ಹೇಳದೆ ನುಂಗಿಕೊಂಡಳು. ಕೆಲಸ ಕೊಡುವವನು ಕೂಲಿ ಕೊಡಬೇಕೇ ಹೊರತು ಕೆಲಸಗಾರನಿಂದ ಹಣ ಕೇಳಬಾರದು. ಕೇಳಿದೊಡನೆ ಅದು ಮೋಸವೆಂದು ತಿಳಿಯಬೇಕು. ಇಂಥ ವಂಚನೆಗೆ ಸಿಲುಕಿದವರು ನಾಚಿ ಮರೆಮಾಡದೆ ತಡವಿಲ್ಲದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು.

ಮೂರನೆಯದು ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಇದಕ್ಕೆ ಗಿರಾಕಿಗಳಿದ್ದರು, ಹೆಸರೂ ಬಂದಿತ್ತು; ಆದರೂ ಹಣ ಉಳಿಯಲಿಲ್ಲ. ನಾವು ಪುಸ್ತಕವನ್ನು ತಿರುವಿ ನೋಡಿದೆವು. ಜೋಳದ ಬೆಲೆ, ಗಿರಣಿಯ ಕೂಲಿ, ಗ್ಯಾಸು, ಚೀಲ, ಆಟೋ ಬಾಡಿಗೆ ಎಲ್ಲವೂ ಅಚ್ಚುಕಟ್ಟಾಗಿ ಬರೆದಿದ್ದವು. ಬೆಳಗಿನ ನಾಲ್ಕಕ್ಕೆ ಎದ್ದು ಮಕ್ಕಳು ಏಳುವವರೆಗೆ ರೊಟ್ಟಿ ಬಡಿದ ಕೈಗಳ ಕೂಲಿ ಮಾತ್ರ ಎಲ್ಲಿಯೂ ಇರಲಿಲ್ಲ. ಬಂದ ಬೀಗರಿಗೆ ಕಟ್ಟಿಕೊಟ್ಟ ರೊಟ್ಟಿಯ ಲೆಕ್ಕವೂ ಇರಲಿಲ್ಲ. ಬೇರೊಬ್ಬಳನ್ನು ಕೂಲಿಗೆ ಕರೆದಿದ್ದರೆ ಆಕೆಗೆ ಕೊಡಬೇಕಾದಷ್ಟು ಹಣವೂ ಇಲ್ಲಿ ಉಳಿದಿರಲಿಲ್ಲ. “ತಾಯಿ, ನಿನ್ನ ಪುಸ್ತಕದಲ್ಲಿ ಎಲ್ಲರೂ ಇದ್ದಾರೆ, ನೀನೊಬ್ಬಳೇ ಇಲ್ಲ” ಎಂದೆವು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ.

ತನ್ನ ದುಡಿಮೆಗೆ ಬೆಲೆ ಕಟ್ಟಿಕೊಳ್ಳುವುದು ಲೋಭವೆಂಬ ಅಳುಕು ನಮ್ಮ ಹೆಣ್ಣುಮಕ್ಕಳಲ್ಲಿ ಬೇರೂರಿದೆ. ಶರಣಪರಂಪರೆ ಹಾಗೆ ಹೇಳುವುದಿಲ್ಲ. 12ನೆಯ ಶತಮಾನದಲ್ಲಿ ಕದಿರ ರೆಮ್ಮವ್ವೆ ನೂಲು ತೆಗೆದಳು. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದಳು. ಆ ಕಾಯಕಗಳೇ ಅವರ ಹೆಸರಿನೊಡನೆ ಸೇರಿ ಉಳಿದಿವೆ; ಅವನ್ನು ಯಾರೂ ಬಿಡುವಿನ ಹವ್ಯಾಸವೆನ್ನಲಿಲ್ಲ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಮರಳಿ ಚೆಲ್ಲಿ ಬರಲು ಕಳುಹಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಆಸೆಯ ನಿರಾಕರಣೆ ಅದರಲ್ಲಿದೆ, ನಿಜ. ಆದರೆ ತನ್ನ ಮನೆಯ ಅಳತೆಯನ್ನು ಅರಿತವಳಿಗೆ ಮಾತ್ರವೇ ಹೆಚ್ಚಾದುದು ಕಣ್ಣಿಗೆ ಬೀಳುತ್ತದೆ. ಅಳತೆ ಅರಿತವಳಿಗೆ ಕಡಿಮೆಯಾದುದೂ ತಿಳಿಯಬೇಕು. ಅರಿಯದೆ ಕಳೆದುಕೊಂಡದ್ದು ದಾಸೋಹವಲ್ಲ. ಅರಿತು ಕೊಟ್ಟದ್ದೇ ದಾಸೋಹ.

ಲೋಕದಲ್ಲಿಯೂ ಇದಕ್ಕೆ ನಿದರ್ಶನವಿದೆ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡತೊಡಗಿದರು. ಅದೇ ಲಿಜ್ಜತ್ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿ ಸದಸ್ಯೆಯರು ಹಿಟ್ಟಿನ ಕಣಕವನ್ನು ಮನೆಗೆ ಒಯ್ದು ಲಟ್ಟಿಸಿ ತರುತ್ತಾರೆ. ಲಟ್ಟಿಸಿದ ಕೈಗೆ ಕೂಲಿ ಉಂಟು. ಲಾಭದಲ್ಲಿ ಪಾಲೂ ಉಂಟು. ಹೆಣ್ಣಿನ ಶ್ರಮವನ್ನು ಅವರು ಪುಕ್ಕಟೆ ಎಂದು ಎಣಿಸಲಿಲ್ಲ.

ಆದ್ದರಿಂದ ಮನೆಯಲ್ಲಿ ಉದ್ಯೋಗ ಮಾಡಬಯಸುವ ತಾಯಂದಿರು ಮೊದಲು ತಮ್ಮ ಕೂಲಿಯನ್ನು ಬರೆದುಕೊಂಡು, ಆಮೇಲೆ ಮಾಲಿನ ಬೆಲೆ ನಿಶ್ಚಯಿಸಲಿ. ಮನೆಖರ್ಚಿನ ಹಣ, ಉದ್ಯೋಗದ ಹಣ ಬೇರೆ ಬೇರೆ ಡಬ್ಬಿಯಲ್ಲಿರಲಿ. ಉದ್ರಿಗೆ ಒಂದು ಮಿತಿ ಇರಲಿ. ತಿನ್ನುವ ಪದಾರ್ಥ ಮಾರುವವರು 2006ರ ಆಹಾರ ಸುರಕ್ಷತಾ ಕಾಯ್ದೆಯ ಮೇರೆಗೆ ನೋಂದಣಿ ಮಾಡಿಸಿಕೊಳ್ಳಲಿ. ಬಂಡವಾಳ ಬೇಕಾದರೆ ಬಡ್ಡಿಯವರ ಬಾಗಿಲಿಗೆ ಹೋಗುವ ಮೊದಲು ಊರಿನ ಸ್ತ್ರೀಶಕ್ತಿ ಸಂಘವನ್ನು ವಿಚಾರಿಸಲಿ.

ಮನೆಯ ಗಂಡಸರಿಗೂ ಒಂದು ಮಾತು. ಆಕೆ ಮನೆಯಲ್ಲಿದ್ದಾಳೆಂದರೆ ಬಿಡುವಾಗಿದ್ದಾಳೆಂದು ಅರ್ಥವಲ್ಲ. ಆಕೆ ಹಂಚಿನ ಮುಂದೆ ಕುಳಿತ ಎರಡು ತಾಸು ಮಕ್ಕಳನ್ನು ನೀವು ನೋಡಿಕೊಂಡರೆ, ಆ ಕಾಯಕದಲ್ಲಿ ನಿಮಗೂ ಪಾಲುಂಟು.

ಮೊನ್ನೆ ಆ ಮನೆಗೆ ಪುನಃ ಹೋಗಿದ್ದೆವು. ಆಕೆ ರೊಟ್ಟಿಯ ಬೆಲೆ ಏರಿಸಿದ್ದಾಳೆ. ಕೆಲವರು ಗಿರಾಕಿ ಬಿಟ್ಟುಹೋದರು, ಹೆಚ್ಚಿನವರು ಉಳಿದರು. ಸೀರೆಯ ಬಾಕಿ ಇನ್ನೂ ಪೂರ್ತಿ ಬಂದಿಲ್ಲ. ಪುಸ್ತಕದಲ್ಲಿ ಮಾತ್ರ ಎರಡು ಹೊಸ ಕಲಮುಗಳು ಕಂಡವು. ಒಂದರ ಮೇಲೆ ‘ನನ್ನ ಕೂಲಿ’ ಎಂದಿತ್ತು. ಇನ್ನೊಂದರಲ್ಲಿ ಪ್ರತಿ ಸೋಮವಾರ ಮಠಕ್ಕೆ ಕಳುಹಿಸುವ ಇಪ್ಪತ್ತು ರೊಟ್ಟಿಯ ಲೆಕ್ಕ. ಅದರ ಮೇಲೆ ಆಕೆ ‘ದಾಸೋಹ’ ಎಂದು ಬರೆದಿದ್ದಳು.