ಚೀಸಿಗೆ ಊರಿನ ಹೆಸರು, ನಮ್ಮ ಹಾಲಿಗೆ ಬರೀ ಫ್ಯಾಟ್ ನಂಬರು

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಫ್ಲ್ಯಾಟುಗಳಲ್ಲಿ, ಸಕಲೇಶಪುರ, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಈಗ ಒಂದು ಹೊಸ ಶಾಸ್ತ್ರ ನಡೆಯುತ್ತದೆ. ಮರದ ಹಲಗೆಯ ಮೇಲೆ ನಾಲ್ಕೈದು ಬಗೆಯ ಚೀಸ್ ತುಂಡು, ಒಂದು ಗೊಂಚಲು ದ್ರಾಕ್ಷಿ, ಹಿಡಿ ಬಾದಾಮಿ, ತೆಳ್ಳನೆ ಬಿಸ್ಕತ್ತು, ಪುಟ್ಟ ಬಟ್ಟಲಲ್ಲಿ ಜೇನುತುಪ್ಪ. ಇದಕ್ಕೆ ಚೀಸ್ ಪ್ಲ್ಯಾಟರ್ ಅನ್ನುತ್ತಾರೆ. ತಿನ್ನುವ ಮೊದಲು ಫೋಟೊ ಆಗಬೇಕು. ನಿಮ್ಮ ಮೊಬೈಲಿಗೂ ಬಂದಿರುತ್ತದೆ, ಊರು ಬಿಟ್ಟು ಹೋದ ಅಣ್ಣನ ಮಗನೋ ತಂಗಿಯ ಮಗಳೋ ಸ್ಟೇಟಸ್ ಹಾಕಿರುತ್ತಾರೆ.

ಇದನ್ನು ಗೇಲಿ ಮಾಡುವುದು ಬಹಳ ಸುಲಭ. ‘ಬೂಸ್ಟು ಹಿಡಿದ ಹಾಲಿಗೆ ಸಾವಿರಾರು ರೂಪಾಯಿ ಸುರೀತಾರೆ ನೋಡ್ರಿ’ ಅಂತ ಕಟ್ಟೆಯ ಮೇಲೆ ಕೂತು ನಕ್ಕರೆ ಮುಗಿಯಿತು. ನಾವು ಆ ನಗೆಗೆ ಸೇರುವುದಿಲ್ಲ. ಯಾರು ಏನು ತಿನ್ನಬೇಕು ಎಂದು ಹೇಳಲು ನಾವು ಯಾರು? ನಮ್ಮ ತಕರಾರು ಬೇರೆ ಇದೆ. ಆ ಹಲಗೆಯ ಮೇಲಿನ ಚೀಸುಗಳ ಹೆಸರನ್ನು ಒಮ್ಮೆ ಓದಿ. ಚೆಡ್ಡರ್, ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯ ಒಂದು ಹಳ್ಳಿ. ಕ್ಯಾಮೆಂಬೇರ್, ಫ್ರಾನ್ಸಿನ ನಾರ್ಮಂಡಿಯ ಒಂದು ಹಳ್ಳಿ. ರೋಕ್‌ಫೋರ್, ಅದೇ ದೇಶದ ದಕ್ಷಿಣದ ಇನ್ನೊಂದು ಹಳ್ಳಿ. ಗ್ರುಯೇರ್, ಸ್ವಿಟ್ಜರ್ಲೆಂಡಿನ ಪುಟ್ಟ ಊರು. ಗೌಡಾ (ನಮ್ಮ ಗೌಡರಿಗೂ ಅದಕ್ಕೂ ಸಂಬಂಧವಿಲ್ಲ) ನೆದರ್ಲೆಂಡ್ಸಿನ ಸಂತೆಯ ಊರು. ಸುತ್ತಲಿನವರು ಮಾಡಿ ತಂದು ಅಲ್ಲಿ ಮಾರುತ್ತಿದ್ದರು, ಸಂತೆಯ ಹೆಸರೇ ನಿಂತಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕಥೆಯೂ ಇದೇ ತಾನೇ?

ಅಂದರೆ ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಕೂತವರು ಪರದೇಶದ ದನ ಕಾಯುವವರ ಊರುಗಳ ಹೆಸರನ್ನು ಉಚ್ಚಾರ ತಪ್ಪದಂತೆ ಹೇಳಲು ಕಲಿತಿದ್ದಾರೆ. ಅದೇ ಮನೆಗೆ ಬೆಳಿಗ್ಗೆ ಬಂದ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು ಮಾಗಡಿಯದೋ ಮದ್ದೂರಿನದೋ ಚಿಂತಾಮಣಿಯದೋ, ಅವರಿಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೇ ನಾವು ಇಟ್ಟಿಲ್ಲ.

ಹೆಸರಲ್ಲೇನಿದೆ, ದುಡ್ಡು ಬಂದರೆ ಸಾಕು ಅನ್ನುವವರಿಗೆ ರೋಕ್‌ಫೋರ್‌ನ ಕಥೆ ಹೇಳಬೇಕು. ಅದು ಕುರಿ ಹಾಲಿನ ಚೀಸ್. ಲಕೋನ್ ಅನ್ನುವ ತಳಿಯ ಕುರಿಯ ಹಾಲೇ ಆಗಬೇಕು, ಹಾಲನ್ನು ಕಾಯಿಸುವಂತಿಲ್ಲ, ಆ ಊರಿನ ಬೆಟ್ಟದ ಗವಿಗಳಲ್ಲೇ ಅದು ಮಾಗಬೇಕು. ಬೇರೆಲ್ಲಿ ಮಾಡಿದರೂ ಆ ಹೆಸರು ಹಾಕಿ ಮಾರುವ ಹಾಗಿಲ್ಲ. ಫ್ರಾನ್ಸ್ 1925ರಲ್ಲೇ ಇದಕ್ಕೆ ಕಾನೂನಿನ ಬೇಲಿ ಹಾಕಿತು. ಕಲ್ಲುಬಂಡೆಯ, ಮೇವು ಕಡಿಮೆ ಇರುವ ಒಣ ಸೀಮೆ ಅದು. ಅಲ್ಲಿ ಕುರಿ ಸಾಕುವವರು ಇಂದಿಗೂ ಉಳಿದಿದ್ದರೆ ಅದಕ್ಕೆ ಈ ಹೆಸರಿನ ಬೇಲಿ ದೊಡ್ಡ ಕಾರಣ.

ಕೋಂತೆ ಅನ್ನುವ ಇನ್ನೊಂದು ಚೀಸಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಫ್ರಾನ್ಸಿನ ಜುರಾ ಬೆಟ್ಟಗಳಲ್ಲಿ ಹಳ್ಳಿಯವರೇ ಸೇರಿ ನಡೆಸುವ ಹಾಲಿನ ಸಂಘಗಳು ಅದನ್ನು ಮಾಡುತ್ತವೆ. ನಮ್ಮ ಡೇರಿ ಇದ್ದ ಹಾಗೇ, ಆದರೆ ಒಂದು ಹೆಜ್ಜೆ ಮುಂದೆ. ಹಾಲನ್ನು ಲಾರಿ ಹತ್ತಿಸಿ ಕಳಿಸುವುದಿಲ್ಲ, ಅಲ್ಲೇ ಚೀಸ್ ಮಾಡುತ್ತಾರೆ. ಗಾಲಿಯಂಥ ಒಂದು ಕೋಂತೆ ಸುಮಾರು 40 ಕಿಲೋ ತೂಗುತ್ತದೆ, ಅದಕ್ಕೆ 400 ಲೀಟರಿನಷ್ಟು ಹಾಲು ಬೇಕು. ಕಡಿಮೆಯೆಂದರೂ ನಾಲ್ಕು ತಿಂಗಳು ಮಾಗಿಸಬೇಕು. ಯಾವ ತಳಿಯ ಹಸು, ಯಾವ ಮೇವು ಎಂಬುದಕ್ಕೆಲ್ಲ ನಿಯಮವಿದೆ, ಸೈಲೇಜ್ ಹಾಕುವಂತಿಲ್ಲ. ಈ ಕಟ್ಟುಪಾಡಿಗೆ ಬದಲಾಗಿ ಅಲ್ಲಿನ ರೈತರಿಗೆ ಮಾಮೂಲಿ ಹಾಲಿಗಿಂತ ಹೆಚ್ಚಿನ ದರ ಸಿಗುತ್ತದೆ. ಗಿರಾಕಿ ದುಡ್ಡು ಕೊಡುವುದು ಆ ಊರಿನ ಹುಲ್ಲಿಗೆ, ಆ ಹಸುವಿಗೆ, ಆ ಕೈಗಳಿಗೆ.

ಈಗ ನಮ್ಮೂರಿನ ಡೇರಿಗೆ ಬನ್ನಿ. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಕ್ಯಾನು, ಚೊಂಬು ಹಿಡಿದ ಸಾಲು. ಒಂದು ಮಿಷನ್ನು ಹಾಲನ್ನು ಹೀರಿಕೊಂಡು ಎರಡು ನಂಬರು ಉಗುಳುತ್ತದೆ, ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು. ಹಸು ಗೋಮಾಳದಲ್ಲಿ ಮೇಯ್ದದ್ದೋ ಕೊಟ್ಟಿಗೆಯಲ್ಲೇ ಹಿಂಡಿ ಬೂಸಾ ತಿಂದದ್ದೋ, ಹಳ್ಳಿಕಾರೋ ಎಚ್‌ಎಫ್ಫೋ, ಮಲೆನಾಡು ಗಿಡ್ಡವೋ, ಮಿಷನ್ನು ಕೇಳುವುದಿಲ್ಲ. ಎಲ್ಲ ಹಾಲೂ ಒಂದೇ ಟ್ಯಾಂಕಿಗೆ ಬೀಳುತ್ತದೆ. ಬೀಳುವ ಆ ಗಳಿಗೆಯಲ್ಲೇ ಊರಿನ ಹೆಸರು ಅಳಿಸಿಹೋಗುತ್ತದೆ. ಆಮೇಲೆ ಉಳಿಯುವುದು ದರದ ಚೌಕಾಸಿ ಮಾತ್ರ. ಲೀಟರಿಗೆ ಒಂದು ರೂಪಾಯಿ ಏರಿದರೆ ಟೀವಿಯಲ್ಲಿ ಬ್ರೇಕಿಂಗ್ ನ್ಯೂಸ್, ಪ್ರೋತ್ಸಾಹಧನ ತಡವಾದರೆ ಯಾರಿಗೂ ಸುದ್ದಿಯಲ್ಲ.

ಒಂದು ಕಿಲೋ ಗಟ್ಟಿ ಚೀಸಿಗೆ ಹೆಚ್ಚೂಕಡಿಮೆ ಹತ್ತು ಲೀಟರ್ ಹಸುವಿನ ಹಾಲು ಹೋಗುತ್ತದೆ. ಹತ್ತು ಲೀಟರಿಗೆ ನಿಮ್ಮ ಪಾಸ್‌ಬುಕ್ಕಿನಲ್ಲಿ ಎಷ್ಟು ಬಟವಾಡೆ ಬರುತ್ತದೆ ಎಂದು ನಾವು ಹೇಳಬೇಕಿಲ್ಲ. ಪರದೇಶದ ಒಳ್ಳೆಯ ಚೀಸ್ ಒಂದು ಕಿಲೋಗೆ ಎಷ್ಟು ಎಂದು ಮೊಬೈಲಿನಲ್ಲೇ ನೋಡಿ. ನಡುವಿನ ಅಂತರವೆಲ್ಲ ಲಾಭವಲ್ಲ, ನಿಜ. ತಂಪು ಕೋಣೆ, ತಿಂಗಳುಗಟ್ಟಲೆ ಕಾಯುವ ಬಂಡವಾಳ, ಕೆಟ್ಟರೆ ನಷ್ಟ, ಸುಂಕ, ಅಂಗಡಿಯವನ ಪಾಲು ಎಲ್ಲ ಇದೆ. ಆದರೂ ಅಂತರ ಅಂತರವೇ.

‘ನಮ್ಮಲ್ಲಿ ಚೀಸಿನ ಸಂಪ್ರದಾಯವೇ ಇಲ್ಲವಲ್ಲ’ ಎಂದು ಹೇಳುವವರಿದ್ದಾರೆ. ಒಪ್ಪೋಣ. ನಮ್ಮ ಸೆಕೆಗೆ ಹಾಲು ಮೊಸರಾಯಿತು, ಮಜ್ಜಿಗೆಯಾಯಿತು, ಬೆಣ್ಣೆ ಕಾಸಿ ತುಪ್ಪವಾಯಿತು. ಅದು ನಮ್ಮ ಜಾಣತನ. ಮೈಸೂರು ಅರಸರು ದನಗಳಿಗೆಂದೇ ಬೆಣ್ಣೆ ಚಾವಡಿ ಎಂಬ ಇಲಾಖೆ ಇಟ್ಟಿದ್ದರು, ಟಿಪ್ಪುವಿನ ಕಾಲಕ್ಕೆ ಅದೇ ಅಮೃತ ಮಹಲ್ ಆಯಿತು. ಒಂದು ತಳಿಗೆ ಇಲಾಖೆಯ ಹೆಸರೇ ನಿಂತ ನಾಡು ಇದು. ಇನ್ನು ಚೀಸ್ ನಮ್ಮ ಮಣ್ಣಿಗೆ ಒಗ್ಗದು ಎನ್ನುವುದೂ ಪೂರ್ತಿ ನಿಜವಲ್ಲ. ಜಮ್ಮುವಿನ ಉಧಂಪುರದ ಕಲಾಡಿಗೆ ಜಿಐ ಪಟ್ಟ ಸಿಕ್ಕಿದೆ. ಬೆಂಗಳೂರಿನಲ್ಲೇ ಬೆನೆಡಿಕ್ಟಿನ್ ಮಠದ ಸನ್ಯಾಸಿಗಳು ಇಟಲಿ ಮಾದರಿಯ ಹಸಿ ಚೀಸ್ ಮಾಡಿ ಮಾರುತ್ತಾರೆ. ಸನ್ಯಾಸಿಗಳಿಗೆ ಆಗುವುದು ಸಂಸಾರಸ್ಥರ ಸಂಘಕ್ಕೆ ಏಕೆ ಆಗದು?

‘ಹಾಲು ಬಡವರಿಗೂ ಸಿಗಬೇಕು, ದುಬಾರಿ ತಿನಿಸಿನ ಹಿಂದೆ ಯಾಕೆ ಹೋಗ್ತೀರಿ’ ಎನ್ನುವುದು ಇನ್ನೊಂದು ಮಾತು. ಇದು ತೂಕದ ಮಾತು, ತಳ್ಳಿಹಾಕುವಂಥದ್ದಲ್ಲ. ಇದ್ದ ಹಾಲನ್ನೆಲ್ಲ ಚೀಸ್ ಮಾಡಿ ಎಂದು ನಾವು ಹೇಳುತ್ತಿಲ್ಲ. ಮಳೆ ಬಿದ್ದು ಹಸಿ ಮೇವು ಎದ್ದಾಗ ಹಾಲು ಉಕ್ಕುತ್ತದೆ, ಹೆಚ್ಚಿನದನ್ನು ಒಕ್ಕೂಟಗಳು ಪುಡಿ ಮಾಡುತ್ತವೆ. ಪುಡಿಯ ದರ ಬಿದ್ದ ವರ್ಷ ಆ ಹೊಡೆತ ಬಂದು ತಟ್ಟುವುದು ಹಾಲು ಹಾಕುವವರಿಗೇ. ಆ ಹೆಚ್ಚಿನ ಹಾಲಿನಲ್ಲಿ ಒಂದಿಷ್ಟಕ್ಕೆ ಬೇರೆ ದಾರಿ ಇರಲಿ ಎಂಬುದು ನಮ್ಮ ಮಾತು.

ಹೆಸರು ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚೆಡ್ಡರ್ ಸಾಕ್ಷಿ. ಬೇಲಿ ಹಾಕುವ ಹೊತ್ತಿಗೆ ತಡವಾಗಿತ್ತು. ಇಂದು ಚೆಡ್ಡರ್ ಹೆಸರಿನ ಚೀಸನ್ನು ಯಾವ ದೇಶದಲ್ಲಿ ಯಾರು ಬೇಕಾದರೂ ಮಾಡಬಹುದು, ಆ ಹಳ್ಳಿಗೆ ಅದರಿಂದ ಬಿಡಿಗಾಸೂ ಇಲ್ಲ. ಇದಕ್ಕಿಂತ ಕೆಟ್ಟ ಕಳವು ನಮ್ಮ ಪೇಟೆಗಳಲ್ಲೇ ನಡೆದಿದೆ. ಅಗ್ಗದ ಪಿಜ್ಜಾ, ಸ್ಯಾಂಡ್‌ವಿಚ್ಚಿನ ಮೇಲೆ ಚೀಸ್, ಪನೀರ್ ಅಂತ ಬೀಳುವುದರಲ್ಲಿ ಪಾಮ್ ಎಣ್ಣೆಯಿಂದ ಮಾಡಿದ ಅನಲಾಗ್ ಮಾಲೂ ಇರುತ್ತದೆ. ಅನಲಾಗ್ ಎಂದು ಹೇಳಿ ಮಾರಿದರೆ ಅದು ಅಪರಾಧವಲ್ಲ. ಚೀಸ್ ಎಂದು ಹೇಳಿ ಮಾರಿದರೆ ಮೋಸ. ಮೋಸ ತಿನ್ನುವವನಿಗೆ ಮಾತ್ರವಲ್ಲ, ಆ ಜಾಗದಲ್ಲಿ ಖರ್ಚಾಗಬೇಕಿದ್ದ ಹಾಲು ನಿಮ್ಮದು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ವೆಜಿಟೆಬಲ್ ಆಯಿಲ್ ಎಂದಿದ್ದರೆ ಅದು ಚೀಸ್ ಅಲ್ಲ, ಅಷ್ಟು ನೆನಪಿರಲಿ.

ಹೆಸರಿಗಾಗಿ ಜಗಳವಾಡುವುದು ನಮಗೆ ಹೊಸದೇನಲ್ಲ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು, ಮೊಸರು ತರುತ್ತೇನೆ ಎಂದಾಗ ಇಡೀ ನಾಡು ನಂದಿನಿಯ ಪರ ನಿಂತಿತು. ಅದಕ್ಕೂ ಹಿಂದೆ, 1996ರಲ್ಲಿ ನಮ್ಮ ರೈತ ಸಂಘದವರು ಬೆಂಗಳೂರಿನ ಕೆಎಫ್‌ಸಿ ಅಂಗಡಿಗೆ ನುಗ್ಗಿದ್ದರು. ಮೂರು ವರ್ಷದ ಮೇಲೆ, 1999ರ ಆಗಸ್ಟ್‌ನಲ್ಲಿ, ಅಮೆರಿಕ ರೋಕ್‌ಫೋರ್ ಚೀಸಿನ ಮೇಲೆ ಶೇ. 100 ಸುಂಕ ಹೇರಿದ್ದಕ್ಕೆ ಸಿಟ್ಟೆದ್ದ ಫ್ರೆಂಚ್ ರೈತರು ಮಿಯೋ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಕಟ್ಟಡವನ್ನು ಬಿಚ್ಚಿಹಾಕಿದರು. ಮುಂದಾಳು ಜೋಸೆ ಬೋವೆ, ಸ್ವತಃ ಕುರಿ ಸಾಕುವವರು. ಅವರ ಸಂಘಟನೆ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಎರಡೂ ಲಾ ವಿಯಾ ಕಂಪೆಸಿನಾ ಎಂಬ ಒಂದೇ ಜಾಗತಿಕ ಕೂಟದವು. ಅದೇ ವರ್ಷ ನಮ್ಮ ರೈತರು ಹಸಿರು ಶಾಲು ಹೊದ್ದು ಯುರೋಪಿಗೂ ಹೋಗಿ ಬಂದಿದ್ದರು. ಪ್ಲ್ಯಾಟರಿನ ಮೇಲಿನ ಆ ನೀಲಿ ಗೆರೆಯ ಚೀಸಿಗೆ ಹಸಿರು ಶಾಲಿನ ನಂಟಿದೆ ಎಂದರೆ ಪಾರ್ಟಿಯಲ್ಲಿ ಯಾರೂ ನಂಬಲಿಕ್ಕಿಲ್ಲ.

ಆದರೆ ಒಂದು ಬ್ರ್ಯಾಂಡಿನ ಹೆಸರು ಉಳಿಸಿಕೊಂಡರೆ ಸಾಲದು. ಪ್ಯಾಕೆಟ್ಟಿನ ಮೇಲೆ ಕನಿಷ್ಠ ತಾಲ್ಲೂಕಿನ ಹೆಸರು ಬರಲಿ. ಮಲೆನಾಡು ಗಿಡ್ಡದ ಹಾಲು, ಬಯಲುಸೀಮೆಯ ಎಮ್ಮೆ ಹಾಲು ಬೇರೆ ಕ್ಯಾನಿಗೆ ಹೋಗಲಿ, ಬೇರೆ ದರ ಪಡೆಯಲಿ. ಜಿಲ್ಲೆಗೊಂದು ಒಕ್ಕೂಟ ಒಂದೇ ಒಂದು ಚೀಸನ್ನೋ ಬೆಣ್ಣೆಯನ್ನೋ ಊರಿನ ಹೆಸರಲ್ಲಿ ಮಾಡಿ ನೋಡಲಿ. ಧಾರವಾಡ ಪೇಡೆಗೆ ಜಿಐ ತಂದುಕೊಂಡವರು ನಾವು, ದಾರಿ ಗೊತ್ತಿಲ್ಲ ಎನ್ನುವಂತಿಲ್ಲ. ನಿಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಖಾರಾ ಬೂಂದಿ ಪೊಟ್ಟಣ ಬರುವ ಮೊದಲು ಎದ್ದು ನಿಂತು ಇದನ್ನು ಕೇಳಿ. ಸೆಕ್ರೆಟರಿ ‘ಅದು ಮೇಲಿನವರ ವಿಷಯ’ ಅಂದರೆ, ಮೇಲಿನವರಿಗೆ ಬರೆದು ಕಳಿಸಿ ಎಂದು ನಡಾವಳಿಯಲ್ಲಿ ಬರೆಸಿ.

ಇನ್ನು ಸ್ಟೇಟಸ್ ಹಾಕುವ ಮಕ್ಕಳಿಗೆ. ಚಳಿಗಾಲದ ಕೂಟಕ್ಕೆ ಪ್ಲ್ಯಾಟರ್ ಮಾಡಿ, ಬೇಡ ಅನ್ನುವುದಿಲ್ಲ. ಒಂದು ಗಟ್ಟಿಯದು, ಒಂದು ಮೆತ್ತನೆಯದು, ಒಂದು ಖಾರ ವಾಸನೆಯದು, ಮೂರು ಬಗೆ ಸಾಕು. ತಿನ್ನುವ ಮುಕ್ಕಾಲು ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದಿಡಿ, ತಣ್ಣಗಿದ್ದರೆ ರುಚಿ ಬಿಡುವುದಿಲ್ಲ. ಪರದೇಶದ ಬಿಸ್ಕತ್ತಿನ ಬದಲು ವಿಜಯಪುರದ ಖಡಕ್ ಜೋಳದ ರೊಟ್ಟಿಯನ್ನು ಮುರಿದಿಡಿ, ಅದರಷ್ಟು ಗರಿಗರಿ ಯಾವ ಬಿಸ್ಕತ್ತೂ ಇಲ್ಲ. ಕೊಡಗಿನ ಜೇನು, ಹುರಿದ ಶೇಂಗಾ, ಅಗಸೆ ಚಟ್ನಿಪುಡಿ ಇರಲಿ. ಒಂದು ಬಟ್ಟಲಲ್ಲಿ ಅವ್ವ ಕಡೆದ ಬೆಣ್ಣೆ ಇಡಿ. ಯಾರಾದರೂ ‘ಇದು ಯಾವ ಚೀಸ್’ ಎಂದು ಕೇಳಿದರೆ ಊರಿನ ಹೆಸರು ಹೇಳಿ, ಹೋಬಳಿ ಸಮೇತ.