ಲಂಕೆಯ ಮೋರಿಸ್ ಮೈನರ್, ನಮ್ಮ ಅಂಬಾಸಿಡರ್

ಹಳೆಯ ಬ್ರಿಟಿಷ್ ಕಾರು ಇಟ್ಟುಕೊಳ್ಳುವುದು ದುಡ್ಡಿದ್ದವರ ಚಟ ಎಂದು ನಮ್ಮಲ್ಲಿ ಅನೇಕರ ಅಭಿಪ್ರಾಯ. ಶೆಡ್ಡಿನಲ್ಲಿ ಬಟ್ಟೆ ಹೊದಿಸಿ, ವರ್ಷಕ್ಕೊಮ್ಮೆ ಹೊರಗೆ ತೆಗೆದು ಫೋಟೊ ಹೊಡೆಸಿ ಮತ್ತೆ ಒಳಗೆ ಇಡುವುದು. ಅದನ್ನು ಬೇಡ ಅನ್ನುವುದಿಲ್ಲ. ಆದರೆ ಕಾರು ಉಳಿಸುವುದು ಹೇಗೆ ಎಂದು ನೋಡಬೇಕಿದ್ದರೆ ಶ್ರೀಲಂಕಾದ ಮೋರಿಸ್ ಮೈನರ್‌ಗಳನ್ನು ನೋಡಬೇಕು.

ಅಲೆಕ್ ಇಸಿಗೊನಿಸ್ ವಿನ್ಯಾಸ ಮಾಡಿದ ಈ ಕಾರು 1948ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಕೊನೆಯ ಗಳಿಗೆಯಲ್ಲಿ ಅಗಲ ಸಾಲದು ಅನ್ನಿಸಿ ಮಾದರಿಯನ್ನು ಉದ್ದಕ್ಕೆ ಸೀಳಿ 4 ಇಂಚು ಸೇರಿಸಿದರಂತೆ. ಬಾನೆಟ್ಟಿನ ನಡುವಿನ ಪಟ್ಟಿ ಅದರದೇ ಗುರುತು. 1971ರೊಳಗೆ 16 ಲಕ್ಷಕ್ಕೂ ಹೆಚ್ಚು ತಯಾರಾದವು. ಅವುಗಳಲ್ಲಿ ಕೆಲವು ಸಿಲೋನಿಗೂ ಹೋದವು. ಮುಂದೆ ಅಲ್ಲಿ ಆಮದಿಗೆ ಕಟ್ಟುನಿಟ್ಟು ಬಂದಾಗ ಹೊಸ ಕಾರಿಲ್ಲ, ಇದ್ದದ್ದನ್ನೇ ರಿಪೇರಿ ಮಾಡಿ ಓಡಿಸಬೇಕು. ಆ ಕೈಚಳಕ ಎಷ್ಟು ಬೆಳೆಯಿತೆಂದರೆ, ಇಂಗ್ಲೆಂಡಿನ ಬಾತ್ ಊರಿನಲ್ಲಿ ಮೈನರ್‌ಗಳನ್ನೇ ದುರಸ್ತಿ ಮಾಡುತ್ತಿದ್ದ ಚಾರ್ಲ್ಸ್ ವೇರ್ 1990ರ ದಶಕದಲ್ಲಿ ಅದರ ಬಿಡಿಭಾಗ ಮಾಡಿಸಲು ಲಂಕೆಗೇ ಹೋದರು. ಹುಟ್ಟಿದ ಮನೆಗೆ ಸಾಮಾನು ಕಳಿಸಿದ್ದು ಹೊರದೇಶ!

ನನ್ನ ಉಪ್ಪ ಅಂಗಡಿಯಲ್ಲಿ ಗಿರಾಕಿ ಕೇಳದ ಸಾಮಾನನ್ನು ಎರಡನೇ ಸಲ ತರಿಸುತ್ತಿರಲಿಲ್ಲ. ಕಾರಿನ ಪಾರ್ಟ್ಸಿಗೂ ಅದೇ ಲೆಕ್ಕ. ಓಡುವ ಕಾರಿದ್ದರೆ ಗಿರಾಕಿ, ಗಿರಾಕಿ ಇದ್ದರೆ ತಯಾರಿಸುವವ. ನಿಲ್ಲಿಸಿಟ್ಟ ಕಾರು ಏನನ್ನೂ ಕೇಳುವುದಿಲ್ಲ, ಸುಮ್ಮನೆ ಹಾಳಾಗುತ್ತದೆ: ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ. ಮೈನರಿನ ಮುಂದಿನ ಚಕ್ರದ ಕೆಳಗೆ ಟ್ರನಿಯನ್ ಎಂಬ ಭಾಗವಿದೆ. ಅದಕ್ಕೆ ಕಾಲಕಾಲಕ್ಕೆ ಗ್ರೀಸ್ ಹೊಡೆಯದಿದ್ದರೆ ಥ್ರೆಡ್ ಸವೆದು, ಒಂದು ದಿನ ಚಕ್ರ ಮಡಚಿ ಬೀಳುತ್ತದೆ. ಪಾಲಿಶ್ ಹೊಡೆದರೆ ಇದು ಗೊತ್ತಾಗುವುದಿಲ್ಲ.

ಡಿಸ್ಕ್ ಬ್ರೇಕ್ ಹಾಕಿದರೆ ಒರಿಜಿನಲ್ ಹೋಯಿತು ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಅದು ತಪ್ಪೆನಿಸುವುದಿಲ್ಲ. ಬಾಡಿ ಕೊಯ್ಯಬೇಡಿ, ಬಿಚ್ಚಿದ್ದನ್ನು ಪೆಟ್ಟಿಗೆಯಲ್ಲಿ ಹೆಸರು ಬರೆದಿಡಿ, ಸಾಕು.

ನಮ್ಮಲ್ಲಿ ಇದರ ಉಲ್ಟಾ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಪ್ರದರ್ಶನ, ರ‍್ಯಾಲಿ ಬಿಟ್ಟರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಗೌರವ ಕೊಟ್ಟು ಕೂರಿಸಿದ ಹಾಗಾಯಿತು.

ಅಂಬಾಸಿಡರ್ ಕೂಡ ಹುಟ್ಟಿನಿಂದ ಬ್ರಿಟಿಷ್ ಸಲೂನ್. ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಯಿತು, 2014ರಲ್ಲಿ ನಿಂತಿತು. ಮಂಗಳೂರು, ಕಾಸರಗೋಡಿನ ಟ್ಯಾಕ್ಸಿ ಸ್ಟ್ಯಾಂಡಿನಿಂದ ಮದುಮಗನನ್ನು ಕರೆತಂದದ್ದು ಅದೇ ಗಾಡಿ. ಈಗ ಕೇಜಿ ಲೆಕ್ಕದಲ್ಲಿ ಹೋಗುತ್ತಿದೆ. ಗುಜರಿ ವ್ಯಾಪಾರದಲ್ಲಿ ನಮ್ಮವರು ಬಹಳ ಜನ ಇದ್ದಾರೆ, ಆದ್ದರಿಂದ ಅವರಿಗೇ ಹೇಳುತ್ತೇನೆ: ಗ್ಯಾಸ್ ಕಟರ್ ಹಚ್ಚುವ ಮೊದಲು ಗೇರ್‌ಬಾಕ್ಸ್, ಸ್ಟೇರಿಂಗ್ ರ‍್ಯಾಕ್, ಬಾಗಿಲಿನ ಹಿಡಿ, ಮೀಟರ್ ಬಿಚ್ಚಿ ಬದಿಗಿಡಿ. ಕಬ್ಬಿಣದ ರೇಟಿಗಿಂತ ಹೆಚ್ಚು ಕೊಟ್ಟು ಹುಡುಕಿಕೊಂಡು ಬರುವವರಿದ್ದಾರೆ. ಅವರಲ್ಲಿ ನಾನೂ ಒಬ್ಬ.